ಪತ್ರದಕ್ಕನ ನಡುವಿನ ಮಗಳು ಓದಿದ ಕೀರ್ತನೆ

ಚರ್ಚಿನ ಸಭೆಯ ಹೆಂಗಸರು ಆಕೆಯನ್ನು ಪತ್ರದಕ್ಕ ಎಂದೇ ಕರೆಯುತ್ತಿದ್ದರು. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ಕ್ರೈಸ್ತ ಕುಟುಂಬಗಳು ಆ ಸಭೆಯ ಸುತ್ತಮುತ್ತ ಮೂವತ್ತೆಂಟು ಇದ್ದವು. ಅವರಿಗೆಲ್ಲ ಧೈರ್ಯ ಹೇಳಲು ಆಕೆ ವರ್ಷಕ್ಕೆ ಮೂರು ಪತ್ರ ಬರೆಯುತ್ತಿದ್ದಳು: ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೊಂದು. ಮಳೆಯಲ್ಲಿ ಮಕ್ಕಳು ಒಳಗೇ ಕೂತು ಕಿತ್ತಾಡಿದರೆ ಪಾಠ ಅರ್ಧಕ್ಕೆ ನಿಲ್ಲಿಸಿ ಗುಂಡಿ ಹೊಲಿಯುವುದು ಕಲಿಸಿ. ಚಳಿಯಲ್ಲಿ ಏಳದವರನ್ನು ಬೈದು ಎಬ್ಬಿಸಬೇಡಿ, ಹಾಸಿಗೆಯಲ್ಲೇ ಕಥೆ ಓದಿ ಹೇಳಿ, ಕಥೆಯ ಕೊನೆ ಮಾತ್ರ ಅಡುಗೆಮನೆಯಲ್ಲಿ ನಿಂತು ಹೇಳಿ, ತಾವಾಗಿ ಎದ್ದು ಬರುತ್ತಾರೆ. ಬೇಸಿಗೆಯ ಮಧ್ಯಾಹ್ನ ಲೆಕ್ಕ ಬೇಡ, ತಣ್ಣನೆಯ ನೆಲದ ಮೇಲೆ ಮಲಗಿ ಹಾಡು ಕಲಿಯಲಿ. ಹೀಗೆಲ್ಲ. ಒಳ್ಳೆಯ ಮಾತುಗಳೇ. ಎಷ್ಟೋ ಮನೆಗಳಲ್ಲಿ ಅವು ಒಲೆಯ ಪಕ್ಕದ ಗೋಡೆಯಲ್ಲಿ ಎಣ್ಣೆ ಕುಡಿದು ಹಳದಿಯಾಗಿದ್ದವು.

ಬರೆಯುವಾಗ ಆಕೆಗೆ ಏನೂ ಅನ್ನಿಸುತ್ತಿರಲಿಲ್ಲ. ಯಾವತ್ತಿನಿಂದ ಎಂದು ಆಕೆಗೇ ಗೊತ್ತಿಲ್ಲ. ಸಾವು ನೋವು ಏನೂ ಆಗಿರಲಿಲ್ಲ. ಗಂಡ ಕುಡಿಯುವವನಲ್ಲ, ಹೊಡೆಯುವವನಲ್ಲ, ಲಿಫ್ಟ್ ರಿಪೇರಿ ಮಾಡಿಕೊಂಡಿದ್ದ ಸಾಧು ಮನುಷ್ಯ. ಮೂವರೂ ಹೆಣ್ಣುಮಕ್ಕಳು ಗಟ್ಟಿಮುಟ್ಟು. ಆದರೆ ಬೆಳಗ್ಗೆ ಎದ್ದು ಹಾಲು ಕಾಯಿಸುವುದೂ ಪ್ರಾರ್ಥನೆ ಮಾಡುವುದೂ ಮಗುವಿನ ತಲೆ ಬಾಚುವುದೂ ಆಕೆಗೆ ಒಂದೇ ಆಗಿಹೋಗಿತ್ತು, ಯಾರದೋ ಕೈ ಯಾರದೋ ಕೆಲಸ ಮಾಡುತ್ತಿದೆ ಎಂಬ ಹಾಗೆ. ದುಃಖವಿದ್ದಿದ್ದರೆ ಸಭೆಯಲ್ಲಿ ಹೇಳಬಹುದಿತ್ತು, ನಾಲ್ಕು ಜನ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದರು. ಏನೂ ಇಲ್ಲದ್ದನ್ನು ಹೇಳುವುದು ಹೇಗೆ? "ಹೇಗಿದ್ದೀರಿ ಅಕ್ಕ?" ಎಂದವರಿಗೆಲ್ಲ "ದೇವರ ಕೃಪೆ" ಎಂದುಬಿಡುತ್ತಿದ್ದಳು. ಕೇಳಿದವರಿಗೂ ಅಷ್ಟೇ ಬೇಕಾಗಿತ್ತು.

ಮನೆ ಮೂರನೇ ಮಹಡಿ, ಎರಡು ಕೋಣೆ. ಕೆಳಗೆ ಕಬ್ಬಿಣದ ಬೀರು ಮಾಡುವ ವೆಲ್ಡಿಂಗ್ ಅಂಗಡಿ. ಅವನು ಒಂಬತ್ತಕ್ಕೆ ಸುತ್ತಿಗೆ ಎತ್ತಿದರೆ ಮುಗಿಯಿತು, ದೇವದೂತರೇ ಇಳಿದು ಬಂದು ಮಾತಾಡಿದರೂ ಕೇಳಿಸದು. ಹಾಗಾಗಿ ಕಿವಿಯ ಕೆಲಸವೆಲ್ಲ ಒಂಬತ್ತರೊಳಗೆ, ಕೈಯ ಕೆಲಸ ಆಮೇಲೆ. ಎಂಟಕ್ಕೆ ವೇದಪಾಠ ಎಂದರೆ ಬೈಬಲ್, ಅದರ ಕೀರ್ತನೆ, ಬಾಯಿಪಾಠ. ಒಂಬತ್ತರ ಮೇಲೆ ನಕಲು ಬರವಣಿಗೆ, ಲೆಕ್ಕ. ಅಡುಗೆಮನೆಯ ಮಡಚುವ ಮೇಜೇ ಶಾಲೆ. ಬೀರುವಿನ ಒಂದು ಬಾಗಿಲಿಗೆ ಗಂಡ ಕಪ್ಪು ಬಣ್ಣ ಬಳಿದುಕೊಟ್ಟಿದ್ದ, ಅದೇ ಬೋರ್ಡು. ಸೀರೆ ತೆಗೆಯಬೇಕಾದರೆ ಪಾಠ ಮುಗಿಯುವವರೆಗೆ ಕಾಯಬೇಕು.

ದೊಡ್ಡ ಮಗಳು ನಾಲ್ಕು ವರ್ಷಕ್ಕೇ ಓದಲು ಕಲಿತಿದ್ದಳು. ಅಮ್ಮ ಕೀರ್ತನೆ ಓದುವುದು, ಮಗು ಕೇಳುವುದು, ಕೇಳಿದ್ದನ್ನು ಹೇಳುವುದು, ಆಮೇಲೆ ಪುಸ್ತಕ ನೋಡಿಕೊಂಡು ಹೇಳುವುದು. ಹಾಗೇ ಒಂದು ದಿನ ಓದು ಬಂದುಬಿಟ್ಟಿತು. ನಡುವಿನವಳೂ ಅದೇ ದಾರಿ, ಅವಳದು ಇನ್ನೂ ಚುರುಕು. ಏಳು ತುಂಬುವುದರೊಳಗೆ ಪುಸ್ತಕ ಬಿಡಿಸಿ ಬೆರಳಿಟ್ಟು ನೀರು ಕುಡಿದಂತೆ ಓದುತ್ತಿದ್ದಳು. ಇದನ್ನೇ ಆಕೆ ಎರಡು ವರ್ಷದ ಹಿಂದಿನ ಚಳಿಗಾಲದ ಪತ್ರದಲ್ಲಿ ಬರೆದಳು. ಅಕ್ಷರಮಾಲೆ ತಿದ್ದಿಸಿ ಮಕ್ಕಳನ್ನು ಸುಸ್ತು ಮಾಡಬೇಡಿ, ಕೇಳಿಸಿ, ಹೇಳಿಸಿ, ಓದು ತಾನೇ ಬರುತ್ತದೆ, ಶಾಲೆ ಎಂಬ ಸಂತೆಯಲ್ಲಿ ಆಗದ್ದು ಅಮ್ಮನ ಮಡಿಲಲ್ಲಿ ಆಗುತ್ತದೆ ಎಂದು. ಆ ಪತ್ರಕ್ಕೆ ಬಂದಷ್ಟು ಮೆಚ್ಚುಗೆ ಬೇರೆ ಯಾವುದಕ್ಕೂ ಬಂದಿರಲಿಲ್ಲ. ಅಕ್ಷರದ ಪುಸ್ತಕಗಳನ್ನು ಎಷ್ಟೋ ಮನೆಯವರು ಕಟ್ಟಿ ಅಟ್ಟಕ್ಕೆ ಹಾಕಿದರು.

ಈ ವರ್ಷ ಚಳಿ ಇಳಿಯುವ ಹೊತ್ತಿಗೆ ಸಭೆಯಿಂದ ಹೊಸ ವೇದಪುಸ್ತಕ ಬಂತು. ಹೊಸ ಅನುವಾದ, ಹೊಸ ರಟ್ಟು. ಹಳೆಯ ಪ್ರತಿಯ ಗಂಭೀರ ಮಾತುಗಳನ್ನೆಲ್ಲ ತೆಗೆದು ಮನೆಮಾತಿನಂತೆ ಬರೆದಿದ್ದರು. ಒಂದು ಸೋಮವಾರ ಬೆಳಗ್ಗೆ ಆಕೆ ಅದನ್ನು ನಡುವಿನವಳ ಮುಂದಿಟ್ಟು, ಕೂಟದಲ್ಲಿ ಓದಬೇಕಾಗಿದ್ದ ಕೀರ್ತನೆಯ ಪುಟ ತೆಗೆದುಕೊಟ್ಟಳು. ಚಳಿಗಾಲ ಮುಗಿಯುವಾಗ ವರ್ಷಕ್ಕೊಮ್ಮೆ ಕುಟುಂಬಗಳೆಲ್ಲ ಸಭೆಯ ಹಾಲ್‌ನಲ್ಲಿ ಸೇರುವುದು ವಾಡಿಕೆ. ಈ ಸಲದ ಓದು ಪತ್ರದಕ್ಕನ ಮಗಳದ್ದೇ ಎಂದು ಮೊದಲೇ ಗೊತ್ತಾಗಿತ್ತು. ಇನ್ನು ಮೂರು ವಾರ.

ಮಗಳು ಬೆರಳಿಟ್ಟಳು, ಓದಿದಳು. ಚೆನ್ನಾಗಿಯೇ ಓದಿದಳು. ಅಮ್ಮ ಅಕ್ಕಿ ಆರಿಸುತ್ತಾ ಕೇಳುತ್ತಿದ್ದವಳು ಸುಮ್ಮನೆ ಬಗ್ಗಿ ಪುಟ ನೋಡಿದಳು. ಮಗಳ ಬಾಯಲ್ಲಿ "ನಿರಂತರವೂ" ಎಂದು ಬಂದ ಕಡೆ ಪುಟದಲ್ಲಿ "ಯಾವಾಗಲೂ" ಎಂದಿತ್ತು. ಮುಂದಿನ ಸಾಲೂ ಹಾಗೇ. ಮಗಳ ಬೆರಳು ಹೊಸ ಪುಸ್ತಕದ ಮೇಲೆ ಓಡುತ್ತಿತ್ತು, ಬಾಯಿ ಹಳೆಯ ಪುಸ್ತಕವನ್ನು ಹೇಳುತ್ತಿತ್ತು. ಪುಟದ ಸಾಲು ಮುಗಿದ ಮೇಲೂ ಬಾಯಿಯ ಸಾಲು ಇನ್ನೂ ಉಳಿದಿತ್ತು. ಬೆರಳು ಖಾಲಿ ಜಾಗದಲ್ಲಿ ನಿಂತು ಕಾಯಿತು.

"ಇದೇನು ಪದ?" ಎಂದಳು ಅಮ್ಮ, ನಡುವೆ ಒಂದು ಕಡೆ ಉಗುರಿಟ್ಟು.

ಮಗಳು ಮೊದಲಿನಿಂದ ಗುನುಗುತ್ತಾ ಅಲ್ಲಿಯವರೆಗೆ ಬಂದು, "ನಿರಂತರವೂ" ಎಂದಳು.

ಆಕೆ ಎದ್ದು ಬೀರುವಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ "ಬಕೆಟ್ ತಾ" ಎಂದು ಬರೆದಳು. ಮಗಳು ಬೋರ್ಡು ನೋಡಲಿಲ್ಲ, ಅಮ್ಮನ ಮುಖ ನೋಡಿದಳು.

"ಓದೇ."

"ನೀನು ಒಂದ್ಸಲ ಓದು. ಆಮೇಲೆ ನಾನು ಓದ್ತೀನಿ."

"ನಾನು ಓದದೆ ನೀನು ಓದಬೇಕು."

"ನೀನು ಓದದೆ ನಾನು ಹೇಗೆ ಓದಲಿ?" ಹತ್ತು ವರ್ಷದ ಹುಡುಗಿ ನಿಜವಾಗಿಯೂ ಆಶ್ಚರ್ಯಪಟ್ಟಳು. "ಎಲ್ಲರೂ ಹಾಗೇ ಅಲ್ವಾ ಓದೋದು? ಮೊದಲು ಯಾರಾದ್ರೂ ಹೇಳ್ತಾರೆ, ಅದನ್ನ ನೆನಪಲ್ಲಿ ಇಟ್ಕೋತೀವಿ, ಆಮೇಲೆ ಪುಸ್ತಕ ಹಿಡ್ಕೊಂಡು ಹೇಳ್ತೀವಿ."

ಅವಳು ಯಾರನ್ನೂ ಮೋಸ ಮಾಡಿರಲಿಲ್ಲ. ಓದು ಎಂದರೆ ಅದೇ ಎಂದುಕೊಂಡಿದ್ದಳು. ನಕಲು ಬರವಣಿಗೆಯನ್ನು ಚಿತ್ರ ಬಿಡಿಸಿದಂತೆ ಬಿಡಿಸುತ್ತಿದ್ದಳು, ಮನೆಯಲ್ಲೇ ಅವಳ ಅಕ್ಷರ ದುಂಡಗೆ. ಲೆಕ್ಕದ ಪ್ರಶ್ನೆಗಳನ್ನು ಒಂದೇ ಮೇಜಿನಲ್ಲಿ ಕೂತ ದೊಡ್ಡವಳು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು, ಇವಳು ಕೇಳಿಸಿಕೊಂಡು ಉತ್ತರ ಬರೆಯುತ್ತಿದ್ದಳು. ಮೂರು ವರ್ಷ, ಆ ಅಡುಗೆಮನೆಯಲ್ಲಿ, ಅಮ್ಮನ ಮೊಣಕೈಯಿಂದ ಒಂದು ಗೇಣು ದೂರದಲ್ಲಿ.

ಕೆಳಗೆ ಸುತ್ತಿಗೆ ಶುರುವಾಯಿತು. ಆಕೆ ಬೋರ್ಡು ಒರೆಸಿ, ಉಳಿದ ಅಕ್ಕಿ ಆರಿಸಿದಳು. ಎದೆ ಹಾರಬೇಕಿತ್ತು, ಹಾರಲಿಲ್ಲ. ಕಣ್ಣಲ್ಲಿ ನೀರು ಬರಬೇಕಿತ್ತು, ಬರಲಿಲ್ಲ. ಇದು ದೊಡ್ಡ ಸಂಗತಿ ಎಂದು ತಲೆಗೆ ಗೊತ್ತಿತ್ತು, ಅಷ್ಟೇ.

ಸಂಜೆ ಗಂಡ ಕೈಯ ಗ್ರೀಸ್ ತೊಳೆಯುವಾಗ ಹೇಳಿದಳು, "ರೀ, ನಡುವಿನವಳಿಗೆ ಓದೋಕೆ ಬರಲ್ಲ."

"ಏನು, ಒತ್ತಕ್ಷರಾನಾ?"

"ಯಾವುದೂ ಬರಲ್ಲ."

"ತಮಾಷೆ ಮಾಡಬೇಡ. ಮೊನ್ನೆ ನಮ್ಮ ಸೂಪರ್‌ವೈಸರ್ ಬಂದಾಗ ಒಂದು ಇಡೀ ಅಧ್ಯಾಯ ಓದಿದಳಲ್ಲೇ! ಅವನು ಇಲ್ಲಿಂದಲೇ ಮಗನಿಗೆ ಫೋನ್ ಮಾಡಿ ಬೈದ, ನೀನು ದಂಡಪಿಂಡ ಅಂತ."

"ಓದಲಿಲ್ಲ. ಹೇಳಿದಳು."

ಅವನು ಟವೆಲ್ ಹಿಡಿದು ನಿಂತ. ಕೆಟ್ಟ ಯಂತ್ರ ಕಂಡರೆ ಮೊದಲು ಜನರನ್ನು ಹೊರಗೆ ಇಳಿಸು, ದೋಷ ಆಮೇಲೆ ಹುಡುಕು ಎನ್ನುವುದು ಅವನ ಕಸುಬಿನ ಬುದ್ಧಿ. "ಸರಿ. ಕೂಟಕ್ಕೆ ಇನ್ನೂ ಮೂರು ವಾರ ಇದೆ. ಹೊಸದನ್ನ ಎರಡು ಸಲ ಓದಿ ಹೇಳು, ಪಟಪಟ ಅಂತ ಹೇಳಿಬಿಡ್ತಾಳೆ. ಅದೊಂದು ಮುಗೀಲಿ. ಓದು ಆಮೇಲೆ ನಿಧಾನಕ್ಕೆ ಕಲಿಸೋಣ. ಯಾರಿಗೆ ಗೊತ್ತಾಗುತ್ತೆ?"

ಮರುದಿನ ಬೆಳಗ್ಗೆ ಆಕೆ ಹಾಗೇ ಮಾಡಿದಳು. ಇದನ್ನು ಮುಚ್ಚಿಟ್ಟು ಆಕೆಯನ್ನು ದೇವತೆ ಮಾಡಬೇಕಾಗಿಲ್ಲ. ಹೊಸ ಕೀರ್ತನೆಯನ್ನು ಎರಡು ಸಲ ಓದಿ ಹೇಳಿದಳು. ಮೂರನೇ ಸಲಕ್ಕೆ ಮಗಳು ಪುಸ್ತಕ ಹಿಡಿದು, ಬೆರಳಿಟ್ಟು, ಒಂದು ಪದ ತಪ್ಪದೆ ಒಪ್ಪಿಸಿ, "ಸರಿಯಾಗಿ ಓದಿದ್ನಾ?" ಎಂದು ನಕ್ಕಳು. ಅಮ್ಮ "ಹೂಂ" ಎಂದಳು. ಆ 'ಹೂಂ' ಎಂಬುದರ ರುಚಿ ಆಕೆಗೆ ದಿನವಿಡೀ ಬಾಯಲ್ಲಿ ಉಳಿಯಿತು, ಕಹಿ ಮಾತ್ರೆಯ ಹಾಗೆ. ಗುರುವಾರ ಮಗಳನ್ನು ಕರೆದುಕೊಂಡು ತನ್ನ ಒಡಹುಟ್ಟಿದ ಅಕ್ಕನ ಮನೆಗೆ ಹೋದಳು.

ಅಕ್ಕ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿನ ಟೀಚರು, ಇಪ್ಪತ್ತಾರು ವರ್ಷದಿಂದ. ಆ ಸಂತೆಯ ಪತ್ರ ಯಾರದೋ ಮೂಲಕ ಅವಳ ಕೈಗೂ ಸಿಕ್ಕಿತ್ತು. ಅಂದಿನಿಂದ ತಂಗಿಯ ಜೊತೆ ಮಾತು ಅಷ್ಟಕ್ಕಷ್ಟೆ.

"ಬಾರಮ್ಮಾ ಮಹಾರಾಣಿ," ಎಂದಳು ಬಾಗಿಲಲ್ಲೇ. "ಈ ಸಂತೆಗೆ ಏನು ಕೊಳ್ಳೋಕೆ ಬಂದೆ?"

"ಇವಳನ್ನ ಒಂದ್ಸಲ ಓದಿಸಿ ನೋಡು ಅಕ್ಕ."

"ಯಾಕೆ, ಮಡಿಲು ಕಡಿಮೆ ಬಿತ್ತಾ?" ಎಂದಳಾದರೂ ಚಪ್ಪಲಿ ಬಿಡುವಷ್ಟರಲ್ಲಿ ಸ್ಲೇಟು ತಂದಿದ್ದಳು. ಅದರಲ್ಲಿ "ಗಟಮ" ಎಂದು ಬರೆದಳು, ಕೆಳಗೆ "ಲಸಬ".

ಮಗು ಬಹಳ ಹೊತ್ತು ನೋಡಿತು. ಮೊದಲನೆಯದರಲ್ಲಿ 'ಮ' ಮಾತ್ರ ಹೇಳಿತು. ದೊಡ್ಡಮ್ಮ ಎಲ್ಲವನ್ನೂ ಓದಿ ತೋರಿಸಿದಾಗ ಕಿಸಕ್ಕನೆ ನಕ್ಕು, "ಇದು ಮಾತೇ ಅಲ್ಲ ದೊಡ್ಡಮ್ಮ!" ಎಂದಿತು.

"ಅಲ್ಲ ಕಣೇ. ಅದಕ್ಕೇ ಬರೆದದ್ದು. ನೀನು ಬಲು ಜಾಣೆ, ಮಾತಾದ್ರೆ ಊಹೆ ಮಾಡಿಬಿಡ್ತೀಯ."

ಅರ್ಧ ಗಂಟೆಯಾದ ಮೇಲೆ ಅಕ್ಕ ಅಡುಗೆಮನೆಗೆ ಬಂದಳು. "ಹನ್ನೊಂದು ಅಕ್ಷರ ಬರುತ್ತೆ. ಮಿಕ್ಕಿದ್ದೆಲ್ಲ ಬಾಯಲ್ಲಿದೆ. ದಡ್ಡಿ ಅಲ್ಲ, ನೆನಪು ಜಾಸ್ತಿ, ಅದೇ ತೊಂದರೆ. ದಿನಾ ಒಂದು ಗಂಟೆ ಕೂತ್ರೆ ಮಳೆ ಬರೋದರೊಳಗೆ ಓದ್ತಾಳೆ."

ತಂಗಿ ತಲೆ ಆಡಿಸಿದಳು. ಅಕ್ಕನಿಂದ ಒಳ್ಳೆಯ ಏಟೊಂದು ಬೀಳುತ್ತದೆ ಎಂದು ಕಾದಿದ್ದಳು. ಅಕ್ಕ ಲೋಟ ಒರೆಸುತ್ತಾ ನಿಂತಳು.

"ನನ್ನ ಕ್ಲಾಸಲ್ಲೂ ವರ್ಷಕ್ಕೆ ಇಂಥವರು ಇಬ್ಬರೋ ಮೂವರೋ ಸಿಗ್ತಾರೆ. ಒಬ್ಬಳನ್ನ ನಾನು ಗೊತ್ತಾಗದೇ ಮುಂದಿನ ಕ್ಲಾಸಿಗೆ ದಾಟಿಸಿದ್ದೆ. ಈಗ ಎಲ್ಲಿದ್ದಾಳೋ." ಲೋಟ ಕೆಳಗಿಟ್ಟು, "ನಿನಗೇನಾಗಿದೆ?"

"ಏನೂ ಇಲ್ಲ."

"ಅದೇ. ನಿನ್ನ ಮುಖದಲ್ಲಿ ಏನೂ ಇಲ್ಲ. ಯಾವಾಗಿಂದ?"

"ಗೊತ್ತಿಲ್ಲ ಅಕ್ಕ. ಒಂಬತ್ತು ವರ್ಷ ಆಯ್ತು, ಒಂದು ದಿನಾನೂ ಈ ಮಕ್ಕಳು ನನ್ನ ಕಣ್ಣಿಂದ ಆಚೆ ಹೋಗಿಲ್ಲ. ದಿನಾ ನೋಡಿ ನೋಡಿ ಕಾಣೋದೇ ನಿಂತುಹೋಯ್ತೇನೋ."

ಮನೆಯಲ್ಲಿ ಕಲಿಸುವ ತಾಯಂದಿರಿಗೆ ಇದನ್ನು ಯಾರೂ ಹೇಳುವುದಿಲ್ಲ. ನೀನು ತ್ಯಾಗಮಯಿ ಎನ್ನುತ್ತಾರೆ, ನಿನ್ನ ಪ್ರತಿಫಲ ಪರಲೋಕದಲ್ಲಿದೆ ಎನ್ನುತ್ತಾರೆ, ಒಂದು ಮಧ್ಯಾಹ್ನ ಮಕ್ಕಳನ್ನು ನಮ್ಮ ಮನೆಗೆ ಕಳಿಸು, ನೀನು ಮಲಗು ಎಂದು ಒಬ್ಬರೂ ಹೇಳುವುದಿಲ್ಲ. ಮೂವತ್ತೆಂಟು ಮನೆಗಳಿಗೆ ಧೈರ್ಯ ಹಂಚುವವಳ ಮನೆಗೆ ಧೈರ್ಯ ತಂದವರು ಯಾರು? ಹೊಗಳಿಕೆ ತಂದರು. ಅದು ಬೇರೆ.

"ದಿನಾ ಸಂಜೆ ನಾಲ್ಕಕ್ಕೆ ಇವಳನ್ನ ಕಳಿಸು," ಎಂದಳು ಅಕ್ಕ. "ಮಿಕ್ಕಿಬ್ಬರನ್ನೂ ಕಳಿಸು, ನೀನು ಒಂದು ಗಂಟೆ ಸುಮ್ನೆ ಬಿದ್ಕೋ. ಆದ್ರೆ ಒಂದು ಮಾತು. ಆ ಪತ್ರ ನೀನು ಮೂವತ್ತೆಂಟು ಮನೆಗೆ ಕಳಿಸಿದ್ಯಲ್ಲ. ಆ ಮಕ್ಕಳ ಕಥೆ ಏನು?"

ಈ ಪ್ರಶ್ನೆ ಆಕೆಗೆ ಸೋಮವಾರವೇ ಹೊಳೆದಿತ್ತು. ಹೊಳೆದದ್ದನ್ನು ಅಕ್ಕಿಯ ಜೊತೆ ಆರಿಸಿ ಪಕ್ಕಕ್ಕಿಟ್ಟಿದ್ದಳು.

ಬೇಸಿಗೆಯ ಪತ್ರ ಬರೆಯುವ ಸಮಯವೂ ಬಂದಿತ್ತು. ಈ ಸಲ ಒಂದೇ ಪುಟ ಬರೆದಳು. ಕೇಳಿಸಿ ಹೇಳಿಸಿದರೆ ಓದು ತಾನೇ ಬರುತ್ತದೆ ಎಂದು ನಾನು ಬರೆದದ್ದು ತಪ್ಪು. ನನ್ನ ಒಬ್ಬ ಮಗಳಿಗೆ ಬಂತು, ಇನ್ನೊಬ್ಬಳಿಗೆ ಬರಲಿಲ್ಲ, ಬಂದಿಲ್ಲ ಎಂಬುದು ಮೂರು ವರ್ಷ ನನಗೆ ಕಾಣಲಿಲ್ಲ. ನಿಮ್ಮ ಮಗು ಎಂದೂ ಕೇಳಿರದ ಸಾಲೊಂದನ್ನು ಬರೆದು ಇವತ್ತೇ ಓದಿಸಿ. ಪ್ರತಿ ಕಾಲಕ್ಕೆ ಒಂದು ಸಲವಾದರೂ ನಿಮ್ಮ ಮಗುವಿನ ಪಾಠವನ್ನು ಬೇರೆ ಮನೆಯವರಿಂದ ಕೇಳಿಸಿ. ಬೇಸಿಗೆಯಲ್ಲಿ ಎರಡು ವಾರ ಪಾಠ ಪೂರ್ತಿ ನಿಲ್ಲಿಸಿ, ಮಕ್ಕಳನ್ನು ಹಂಚಿಕೊಳ್ಳಿ, ನೀವು ಮಲಗಿ.

ಪತ್ರ ಟೈಪ್ ಮಾಡಿಸಿ ಹಂಚುವವರು ಸಭೆಯ ಪಾದ್ರಿ ಅಯ್ಯನವರ ಹೆಂಡತಿ. ಅವರು ಓದಿ ಕನ್ನಡಕ ತೆಗೆದರು. ಕೆಟ್ಟವರಲ್ಲ, ತಮ್ಮ ಮೂವರನ್ನೂ ಹೀಗೆ ಮನೆಯಲ್ಲೇ ಓದಿಸಿದವರು.

"ಇದನ್ನ ಹಾಕೋಕಾಗಲ್ಲ ಕಣಮ್ಮ."

"ಯಾಕೆ ಅಮ್ಮನವರೇ?"

"ಈಗಾಗಲೇ ಜನ ನಮ್ಮನ್ನ ಹುಚ್ಚರು ಅಂತಾರೆ. ಕಲ್ಲು ಹೊಡೆಯೋರಿಗೆ ನಾವೇ ಕಲ್ಲು ಆರಿಸಿ ಕೊಡೋದಾ? ನಿನ್ನ ಪತ್ರ ಓದಿ ಎಷ್ಟು ತಾಯಂದಿರು ಎದ್ದು ಕೂತಿದ್ದಾರೆ ಗೊತ್ತಾ? ಉತ್ಸಾಹ ತುಂಬೋ ಹಾಗೆ ಬರಿ. ಇದನ್ನ ನೀನು, ನಿನ್ನ ದೇವರು ಮಾತಾಡ್ಕೊಳ್ಳಿ."

"ದೇವರಿಗೆ ಗೊತ್ತು ಅಮ್ಮನವರೇ. ಗೊತ್ತಿಲ್ಲದೇ ಇರೋದು ಆ ಮನೆಗಳಿಗೆ."

ಅವರು ಹಾಳೆ ಮಡಚಿ ಕೈಗೆ ಕೊಟ್ಟರು. ಪ್ರೀತಿಯಿಂದ ಬೆನ್ನೂ ತಟ್ಟಿದರು.

ಕೂಟದ ಹಿಂದಿನ ಮಧ್ಯಾಹ್ನ ಆಕೆ ನಡುವಿನವಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಅಷ್ಟರಲ್ಲಿ ಹುಡುಗಿಗೆ ತಾನು ಓದುತ್ತಿದ್ದದ್ದು ಓದೇ ಅಲ್ಲ ಎಂಬುದು ಗೊತ್ತಾಗಿತ್ತು, ಎರಡು ದಿನ ಊಟ ಬಿಟ್ಟು ಅತ್ತೂ ಆಗಿತ್ತು.

"ನಾಳೆ ಎಲ್ಲರ ಮುಂದೆ ನಾನೊಂದು ಮಾತು ಹೇಳಬೇಕು. ನಿನಗೆ ಓದೋಕೆ ಬರಲ್ಲ ಅಂತ. ನೀನು ಬೇಡ ಅಂದ್ರೆ ನಿನ್ನ ವಿಷಯ ತೆಗೆಯಲ್ಲ, ನನ್ನ ತಪ್ಪು ಮಾತ್ರ ಹೇಳ್ತೀನಿ."

ಹುಡುಗಿ ಲಂಗದ ದಾರ ಎಳೆಯುತ್ತಾ ಯೋಚಿಸಿದಳು. "ಬರಲ್ಲ ಅಂತ ಹೇಳ್ಬೇಡ. ಹತ್ತೊಂಬತ್ತು ಅಕ್ಷರ ಬರುತ್ತೆ ಅಂತ ಹೇಳು."

ಮರುದಿನ ಹಾಲ್ ತುಂಬಿತ್ತು. ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ಮಕ್ಕಳ ಚಿತ್ರಗಳು, ಮೂಲೆಯಲ್ಲಿ ಅಳುವ ಕೂಸು. ಮಗಳ ಸರದಿ ಬಂದಾಗ ಅಮ್ಮ ಎದ್ದಳು. ಮೈಕಿನ ಎತ್ತರ ಮಕ್ಕಳಿಗೆ ಹೊಂದಿಸಿದ್ದರು, ಬಗ್ಗಿ ಮಾತಾಡಬೇಕಾಯಿತು.

"ಇವತ್ತು ನನ್ನ ಮಗಳು ಓದಲ್ಲ. ಅವಳಿಗೆ ಹತ್ತೊಂಬತ್ತು ಅಕ್ಷರ ಬರುತ್ತೆ. ಮೂರು ವಾರದ ಹಿಂದೆ ಹನ್ನೊಂದು ಬರ್ತಿತ್ತು. ಇಷ್ಟು ದಿನ ನೀವೆಲ್ಲ ಅವಳಿಂದ ಕೇಳಿದ್ದು ಓದು ಅಲ್ಲ, ಬಾಯಿಪಾಠ. ತಪ್ಪು ಅವಳದ್ದಲ್ಲ, ನನ್ನದು. ಆ ತಪ್ಪನ್ನ ನಿಮಗೂ ಬರೆದು ಕಳಿಸಿದ್ದೆ. ಮನೆಗೆ ಹೋಗಿ, ಮಗು ಯಾವತ್ತೂ ಕೇಳದೇ ಇರೋ ಒಂದು ಸಾಲು ಓದಿಸಿ ನೋಡಿ."

ಅಷ್ಟೇ. ಧ್ವನಿ ನಡುಗಲಿಲ್ಲ. ಸಾಮಾನಿನ ಚೀಟಿ ಓದಿದ ಹಾಗಿತ್ತು ಎಂದು ಆಮೇಲೆ ಗಂಡ ಹೇಳಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಯ್ಯನವರು ಕೆಮ್ಮಿ, ಮುಂದಿನ ಮಗುವನ್ನು ಕರೆದರು. ಹೊರಗೆ ಚಪ್ಪಲಿ ಹುಡುಕುವಾಗ ಇಬ್ಬರು ಹೆಂಗಸರು ಆಕೆಗೆ ಬೆನ್ನು ಹಾಕಿ ನಿಂತರು. ಒಬ್ಬಾತ ಗಂಡನಿಗೆ, "ಮನೆ ವಿಷಯ ಮನೇಲಿ ಇಡಬೇಕಿತ್ತು ಕಣಪ್ಪ" ಎಂದ. ಗಂಡ, "ಇಟ್ಟಿದ್ವಿ, ಅಲ್ಲೇ ಕೆಟ್ಟಿದ್ದು" ಎಂದ.

ಆ ವಾರ ಆರು ಮನೆಗಳಿಂದ ಫೋನ್ ಬಂತು. ಎಷ್ಟೋ ಮನೆಗಳಲ್ಲಿ ಮಕ್ಕಳು ಚೆನ್ನಾಗಿಯೇ ಓದುತ್ತಿದ್ದರು, ಕೆಲವರು ಅದನ್ನು ಹೇಳಲೆಂದೇ ಫೋನ್ ಮಾಡಿದರು, ಸ್ವಲ್ಪ ಗತ್ತಿನಲ್ಲಿ. ಶನಿವಾರ ಬೆಳಗ್ಗೆ ಬಾಗಿಲು ಬಡಿದವಳು ಮಾತ್ರ ಫೋನ್ ಮಾಡಿರಲಿಲ್ಲ. ಮನೆಯಲ್ಲೇ ಬಟ್ಟೆ ಹೊಲಿಯುವ ಟೈಲರಮ್ಮ. ಕೊರಳಲ್ಲಿ ಅಳತೆಪಟ್ಟಿ ಹಾಗೇ ಇತ್ತು, ಹಿಂದೆ ಅವಳಿ ಹೆಣ್ಣುಮಕ್ಕಳು, ಒಂಬತ್ತು ವರ್ಷದವು.

"ಇಬ್ಬರಿಗೂ ಬರಲ್ಲ," ಎಂದಳು ಒಳಗೂ ಬಾರದೆ. "ಒಬ್ಬಳು ಹೇಳ್ತಾಳೆ, ಇನ್ನೊಬ್ಬಳು ಅವಳನ್ನ ಕೇಳಿ ಹೇಳ್ತಾಳೆ. ಎರಡು ವರ್ಷ ಹೋಯ್ತಲ್ಲ ಅಕ್ಕ! ನಾನು ಮಿಷನ್ ತುಳೀತಾ ಕೂತು ಕೀರ್ತನೆ ಹೇಳಿಸಿದ್ದೇ ಹೇಳಿಸಿದ್ದು. ನನ್ನ ಅತ್ತೆ ಅಕ್ಷರ ತಿದ್ದಿಸ್ತೀನಿ ಅಂತ ಬಂದ್ರು, ನಿಮ್ಮ ಪತ್ರ ತೋರಿಸಿ ಅವರ ಬಾಯಿ ಮುಚ್ಚಿಸಿದೆ. ಅವರು ಟೀಚರ್ ಆಗಿದ್ದವರು. ನಿಮ್ಮ ಮಾತು ನಂಬಿ ಅವರನ್ನ ನಂಬಲಿಲ್ಲ."

ಪತ್ರದಕ್ಕನ ಬಳಿ ಇಂಥ ಹೊತ್ತಿಗೆ ಹೇಳುವ ಮಾತುಗಳು ಎಷ್ಟೋ ಇದ್ದವು. ಎಲ್ಲವೂ ಒಳಿತಿಗೇ, ಕರ್ತನು ನೋಡಿಕೊಳ್ಳುತ್ತಾನೆ, ಧೈರ್ಯಗೆಡಬೇಡಿ. ಒಂಬತ್ತು ವರ್ಷ ಅವುಗಳನ್ನೇ ಬರೆದಿದ್ದಳು. ಯಾವುದನ್ನೂ ತೆಗೆಯಲಿಲ್ಲ.

"ಹೌದು," ಎಂದಳು. "ನನ್ನಿಂದಾನೇ."

ಟೈಲರಮ್ಮ ಇನ್ನೂ ಬೈದಳು. ಒಳಗೆ ಬಂದು, ಕುರ್ಚಿಯಲ್ಲಿ ಕೂತು, ನೀರು ಕುಡಿದು ಮತ್ತೆ ಬೈದಳು. ಅವಳ ಒಂದು ಮಗು ಅಮ್ಮನ ಸೆರಗು ಹಿಡಿದು, "ನಾವು ದಡ್ಡರಾ ಅಮ್ಮ?" ಎಂದು ಸಣ್ಣ ದನಿಯಲ್ಲಿ ಕೇಳಿತು. ಆ ಮಾತು ಪತ್ರದಕ್ಕನಿಗೆ ತಾಗಿತು. ಕೈ ಮೇಜಿನ ಅಂಚು ಹಿಡಿಯಿತು. ನೋವು, ಅಷ್ಟೇ, ಬೇರೇನೂ ಅಲ್ಲ. ಆಕೆ ಅದನ್ನು ಪಕ್ಕಕ್ಕಿಡಲಿಲ್ಲ.

ನಡುವಿನವಳು ಯಾರೂ ಹೇಳದೆ ಸ್ಲೇಟು ತಂದು ಆ ಅವಳಿಗಳ ನಡುವೆ ಕೂತಳು. "ನನಗೆ ಇಪ್ಪತ್ತೆರಡು ಬರುತ್ತೆ," ಎಂದಳು. "ಇದು ಗ. ಹೇಳ್ಬೇಡಿ, ನೋಡಿ ಮೊದಲು."

ಕೆಳಗಿನ ಸುತ್ತಿಗೆಯ ಸದ್ದಿನಲ್ಲಿ ಮಿಕ್ಕ ಮಾತು ಕೇಳಿಸಲಿಲ್ಲ. ಮೂರು ತಲೆಗಳು ಮಾತ್ರ ಕಂಡವು. ಟೈಲರಮ್ಮ ಬಹಳ ಹೊತ್ತು ನೋಡಿ, ಕೊರಳಿನ ಪಟ್ಟಿ ತೆಗೆದು ಸುತ್ತಿಕೊಂಡಳು. ಕೋಪ ಇಳಿದಿರಲಿಲ್ಲ.

"ದಿನಾ ಎಷ್ಟು ಗಂಟೆಗೆ ಕರ್ಕೊಂಡು ಬರಲಿ?"

"ನಾಲ್ಕಕ್ಕೆ. ಇಲ್ಲಿಗಲ್ಲ, ನನ್ನ ಅಕ್ಕನ ಮನೆಗೆ. ವಿಳಾಸ ಕೊಡ್ತೀನಿ." ಬರೆಯಲು ಚೀಟಿ ಹುಡುಕುತ್ತಾ ಸೇರಿಸಿದಳು, "ನಿಮ್ಮ ಅತ್ತೆಯನ್ನೂ ಕರ್ಕೊಂಡು ಬನ್ನಿ. ಅಕ್ಕನಿಗೆ ಒಬ್ಬಳಿಗೇ ಕಷ್ಟ."

"ಅವರು ಬರ್ತಾರೋ ಇಲ್ಲವೋ. ನಾನು ಕಾಲು ಹಿಡೀಬೇಕು," ಎಂದಳು ಟೈಲರಮ್ಮ.

"ನಾನೂ ಬರ್ತೀನಿ, ನಡೀರಿ," ಎಂದು ಪತ್ರದಕ್ಕ ಚಪ್ಪಲಿ ಮೆಟ್ಟಿದಳು.